ಗುಲಾಮರ ಪಾಠ ಆದ ಮರುದಿನ

ನಾನು ಚಿಕ್ಕವನಿದ್ದಾಗ, ಪಿರಿಯಾಪಟ್ಟಣದ ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷ, ಕತ್ತಲೆಗೂ ಹೆದರದವನು ಪ್ರಪಂಚದ ಚರಿತ್ರೆಗೆ ಹೆದರಿದ್ದೆ. ಅದೆಲ್ಲ ಅಕ್ಕನ ಕಿತಾಪತಿ. ‘ಆ ಕ್ಲಾಸ್ನಲ್ಲಿ ಬರೋ ಊರ್ ಹೆಸ್ರು ನಾಲ್ಗೆ ಮೇಲೆ ನಿಲ್ಲಕಿಲ್ಲ ಕಣೋ. ಇಸ್ವಿ ತಪ್ಪುದ್ರೆ ಗೆಣ್ಣಿಗೆ ಬೀಳ್ತದೆ ರೂಲುದೊಣ್ಣೆ’ ಎಂದು ಹೆದರಿಸಿದ್ದಳು. ನೀವೂ ಈಗ ಆರನೇ ಕ್ಲಾಸಿಗೆ ಹೊರಟಿದ್ದೀರಿ, ಹಿಸ್ಟರಿ ಕ್ಲಾಸಿನಲ್ಲಿ ಏನೇನಿರುತ್ತೆ ತಾತ ಅಂತ ಕೇಳಿದಿರಿ. ಹೇಳುತ್ತೇನೆ, ಕೇಳಿ. ಇದು ನಗುವ ಕಥೆಯಲ್ಲ.

ಅಕ್ಕ ಹೇಳಿದಷ್ಟು ಭಯಂಕರವಾದದ್ದು ಅಲ್ಲೇನೂ ಇರಲಿಲ್ಲ. ಮೇಷ್ಟರು ಗೋಡೆಗೆ ಬಟ್ಟೆಯ ಭೂಪಟ ತೂಗುಹಾಕಿ, ಈಜಿಪ್ಟ್, ಗ್ರೀಸ್, ರೋಮ್ ಎಂದು ಕೋಲು ಓಡಿಸುತ್ತಿದ್ದರು. ಒಂದು ದಿನ ರೋಮಿನ ಗುಲಾಮರ ಪಾಠ. ಮನುಷ್ಯರನ್ನು ಸಂತೆಯಲ್ಲಿ ದನಗಳ ಹಾಗೆ ಹಲ್ಲು ನೋಡಿ ಕೊಳ್ಳುತ್ತಿದ್ದರಂತೆ, ಓಡಿಹೋದರೆ ಹಿಡಿದು ತಂದು ಹೊಡೆಯುತ್ತಿದ್ದರಂತೆ. ಅಯ್ಯೋ ಪಾಪ ಎಂದುಕೊಂಡೆ. ಮೇಷ್ಟರು ಕೇಳಿದ ಪ್ರಶ್ನೆಗಳಿಗೆಲ್ಲ ಎಲ್ಲರಿಗಿಂತ ಮೊದಲು ಕೈಯೆತ್ತಿ ಉತ್ತರ ಹೇಳಿ ಶಭಾಷ್ ಅನ್ನಿಸಿಕೊಂಡೆ.

ನಮ್ಮ ಮನೆಯಲ್ಲಿ ಒಬ್ಬ ಜೀತದಾಳಿದ್ದ. ಜೀತ ಅಂದರೆ ನಿಮಗೆ ಗೊತ್ತಿರಲಾರದು. ಕೂಲಿ ಇಲ್ಲ, ಎರಡು ಹೊತ್ತು ಮುದ್ದೆ, ವರ್ಷಕ್ಕೊಂದು ಕಂಬಳಿ, ಅಷ್ಟೆ. ಬಿಟ್ಟು ಹೋಗುವ ಹಾಗಿಲ್ಲ. ಅವನಪ್ಪ ನಮ್ಮಲ್ಲೇ ದುಡಿದು ಸತ್ತಾಗ, ಆ ಜಾಗಕ್ಕೆ ಎಂಟು ವರ್ಷದ ಇವನನ್ನು ತಂದು ನಿಲ್ಲಿಸಿದ್ದರು. ಅವನಿಗೂ ಒಂದು ಹೆಸರಿತ್ತು. ನಾವು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಲೋ’ ಅಂದರೆ ಬರುತ್ತಿದ್ದ. ನನಗೆ ಬುಗುರಿ ಕೆತ್ತಿಕೊಟ್ಟವನು, ಗಾಳಿಪಟ ಕಟ್ಟಿಕೊಟ್ಟವನು ಅವನೇ.

ಆ ಸಂಜೆ ಅವನು ಕೊಟ್ಟಿಗೆಯಲ್ಲಿ ಎತ್ತುಗಳಿಗೆ ಬೇಯಿಸಿದ ಹುರುಳಿ ಇಡುತ್ತಿದ್ದ. ಹುರುಳಿಯ ಬಿಸಿ ವಾಸನೆ, ಗಂಜಲದ ವಾಸನೆ, ಅಂಗಳದಾಚೆ ಬ್ಯಾರನ್ ಎಂಬ ಒಲೆಮನೆಯೊಳಗೆ ಬೇಯುತ್ತಿದ್ದ ಹೊಗೆಸೊಪ್ಪಿನ ಘಾಟು. ನಾನು ಜಂಬದಿಂದ ಪಾಠವನ್ನೆಲ್ಲ ಅವನಿಗೆ ಒಪ್ಪಿಸಿದೆ. ಅವನು ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಕೇಳಿದ.

‘ಆಮ್ಯಾಕೆ ಅವ್ರುನ್ನ ಬುಟ್ಬುಟ್ರಾ, ಚಿಕ್ಬುದ್ಧಿ?’

‘ಊಂ. ಈಗ ಯಾರೂ ಅಂಗೆ ಇಟ್ಕಳಂಗಿಲ್ವಂತೆ. ಮೇಷ್ಟ್ರು ಯೋಳುದ್ರು.’

ಅವನು ಎತ್ತಿನ ಮೈ ಸವರಿದ. ‘ಕೊಡಗ್ನಲ್ಲಿ ನನ್ ತಂಗಿ ಅವಳೆ. ಕಾಪಿ ತೋಟ್ದಲ್ಲಿ ವಾರಕ್ಕೊಂದ್ಸಲ ಕೂಲಿ ಬಟವಾಡೆ ಆಯ್ತದಂತೆ. ಅಲ್ಲಿಗೋಯ್ತೀನಿ. ಯಾರ್ಗೂ ಯೋಳ್ಬ್ಯಾಡಿ ಬುದ್ಧಿ’ ಎಂದ. ನಾನು ತಲೆಯಾಡಿಸಿದೆ.

ಬೆಳಿಗ್ಗೆ ಅವನಿರಲಿಲ್ಲ. ಎತ್ತುಗಳು ಹಸಿದು ಅರಚುತ್ತಿದ್ದವು. ಅಪ್ಪ ಜಗಲಿಯ ಮೇಲೆ ನಿಂತು ಆಳುಗಳನ್ನೆಲ್ಲ ಗದರಿದರು. ‘ಎಲ್ಲೋದ ಅವ್ನು? ಒಬ್ಬುರ್ಗೂ ಗೊತ್ತಿಲ್ವೇನ್ರಲಾ?’ ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿತ್ತು. ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿಬಿಟ್ಟೆ. ‘ನಂಗೊತ್ತು ಕಣಪ್ಪ! ಕೊಡಗಿಗೆ, ಅವ್ನ್ ತಂಗಿ ತಾವ್ಕೆ!’ ಥೂ, ನನ್ನ ಬಾಯಿಗೆ ಹುಳ ಬೀಳ! ಅಪ್ಪ ನನ್ನ ತಲೆ ಸವರಿ ‘ಜಾಣ ಕಣ್ಲಾ ನೀನು’ ಎಂದರು. ಆ ಮಾತಿಗೆ ನಾನು ಹಿಗ್ಗಿದೆ ಮಕ್ಕಳೇ, ಹಿಗ್ಗಿದೆ.

ಆಗ ಕೊಡಗು ಬೇರೆಯೇ ರಾಜ್ಯ. ಗಡಿಯ ಹೊಳೆ ದಾಟಿಬಿಟ್ಟಿದ್ದರೆ ಅಪ್ಪನ ದರ್ಬಾರು ನಡೆಯುತ್ತಿರಲಿಲ್ಲ. ಅಪ್ಪ ಸೈಕಲ್ಲಿನಲ್ಲಿ ಕಳಿಸಿದ ಆಳುಗಳಿಗೆ ಹೊಳೆ ಇನ್ನೊಂದು ಮೈಲಿ ಇರುವಾಗ ಸಿಕ್ಕಿದನಂತೆ. ಇಳಿಹೊತ್ತಿಗೆ, ಎತ್ತಿನ ಹಗ್ಗದಲ್ಲಿ ಕೈ ಕಟ್ಟಿ ನಡೆಸಿಕೊಂಡು ಬಂದರು. ಬ್ಯಾರನ್ನಿನ ಮುಂದಿನ ಕಂಬಕ್ಕೆ ಬಿಗಿದರು. ಅಪ್ಪ ಬಾರುಕೋಲು ತೆಗೆದುಕೊಂಡರು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಅಪ್ಪನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ. ನಾನು ಅಕ್ಕನ ಲಂಗ ಹಿಡಿದುಕೊಂಡು ಅತ್ತೆ. ‘ಈಗ ಅತ್ರೆ ಏನ್ ಬಂತ್ಲಾ?’ ಎಂದಳು ಅಕ್ಕ. ಅವಳೂ ಅಳುತ್ತಿದ್ದಳು.

ಅವನು ಮತ್ತೆ ಓಡಿಹೋಗಲಿಲ್ಲ. ತಂಗಿಯ ಮುಖ ನೋಡಲಿಲ್ಲ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ, ನಮ್ಮ ಕೊಟ್ಟಿಗೆಯಲ್ಲೇ ಜ್ವರ ಬಂದು ಸತ್ತ. ತಪ್ಪಾಯ್ತು ಎಂಬ ಒಂದು ಮಾತು ಹೇಳಲು ನನಗೆ ಅಷ್ಟು ವರ್ಷ ಸಮಯವಿತ್ತು. ಹೇಳಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ನಿಮ್ಮ ಕ್ಲಾಸಿನ ಗೋಡೆಯ ಮೇಲೆ ರೋಮು ಸಿನಿಮಾದ ಹಾಗೆ ಓಡಾಡುತ್ತದೆ. ಜೀತಕ್ಕೆ ಇಟ್ಟುಕೊಳ್ಳುವುದು ಅಪರಾಧ ಎಂದು ಪುಸ್ತಕದಲ್ಲೇ ಅಚ್ಚಾಗಿದೆ. ಜೀತಕ್ಕಿದ್ದವರ ಮೊಮ್ಮಕ್ಕಳು ನಿಮ್ಮ ಪಕ್ಕದಲ್ಲೇ ಕೂರುತ್ತಾರೆ, ನಿಮ್ಮ ಡಬ್ಬಿಯಿಂದ ಚಿತ್ರಾನ್ನ ಕಿತ್ತುಕೊಂಡು ತಿನ್ನುತ್ತಾರೆ. ನೀವು ಬಂದು ಅದನ್ನು ದೂರು ಹೇಳುವಾಗ ನನಗೆ ಒಳಗೊಳಗೇ ಸಂತೋಷ. ಆದರೆ ಗುಲಾಮರ ಪಾಠ ನಿಮಗೂ ಬಂದೇ ಬರುತ್ತದೆ. ಅದು ಎಲ್ಲೋ ದೂರದ ದೇಶದ್ದು ಎಂದು ಯಾರಾದರೂ ಅಂದರೆ, ಅಲ್ಲ, ನಮ್ಮ ತಾತನ ಮನೆಯಲ್ಲೂ ಇತ್ತು ಎನ್ನಿ. ಓಡಿಹೋದವನನ್ನು ಹಿಡಿದುಕೊಟ್ಟವರು ಯಾರು ಎಂದು ಕೇಳಿದರೆ ನನ್ನ ಹೆಸರು ಹೇಳಿ.