ಹುಳಿ ಹಚ್ಚಿ ತಿಕ್ಕಿದ ಸಂಖ್ಯೆ

ದೀಪ ಬೆಳಗಲು ಹುಣಸೆಹುಳಿಯಷ್ಟು ಒಳ್ಳೆಯದು ಬೇರೆ ಇಲ್ಲ, ಮಕ್ಕಳೇ. ಅಂಗಡಿಯ ಪುಡಿ ಕೊಡುವ ಹೊಳಪು ಎರಡೇ ದಿನಕ್ಕೆ ಮಂಕಾಗುತ್ತದೆ; ಹಳೆಯ ಹುಳಿಯನ್ನು ನೆನೆಸಿ, ಚಿಟಿಕೆ ಬೂದಿ ಸೇರಿಸಿ, ತೆಂಗಿನ ನಾರಿನಿಂದ ತಾಳ್ಮೆಯಲ್ಲಿ ತಿಕ್ಕಿದರೆ ಹಿತ್ತಾಳೆ ಒಳಗಿನಿಂದಲೇ ಬೆಳಗಿದಂತೆ ಕಾಣುತ್ತದೆ. ನನಗೆ ಬರುವ ವಿದ್ಯೆಗಳಲ್ಲಿ ಇದೊಂದನ್ನು ಮಾತ್ರ ನಾಚದೆ ಹೇಳಿಕೊಳ್ಳಬಲ್ಲೆ. ಐದನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ನಾಲ್ಕು ಜನ ಸೇರಿದಲ್ಲಿ ನನ್ನ ಬಾಯಿ ಒಣಗುತ್ತದೆ, ಕೈ ಮಾತ್ರ ಏನಾದರೊಂದು ಕೆಲಸ ಹುಡುಕುತ್ತದೆ. ಆ ಕೈ ಮಾಡಿದ ತಪ್ಪನ್ನು, ಬಾಯಿ ಹೇಳದೆ ಉಳಿದದ್ದನ್ನು, ಈಗ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜನ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಒಳಗೆ ಅಂಗೈಯಗಲದ ತೆಳು ತಗಡೊಂದಿದೆ. ಅದರ ಮೇಲೆ ಒತ್ತಿದ ಅಂಕೆಗಳೇ ಕಾರಿನ ಚಾಸಿಸ್ ನಂಬರ್. ನಮಗೆ ಹೆಸರು, ಊರು, ಮನೆತನ ಇದ್ದಂತೆ ಕಾರಿಗೆ ಅದೊಂದೇ ಗುರುತು. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ದೀಪಗಳನ್ನು ಬೆಳಗಿ ಉಳಿದ ಹುಳಿಯಿಂದ ನಾನು ಆ ತಗಡನ್ನೂ ತಿಕ್ಕುತ್ತಿದ್ದೆ. ಗಂಧ ಹಚ್ಚುವ ಜಾಗ ಮಾಸಿರಬಾರದಲ್ಲ! ಅಜ್ಜ ನೋಡಿ ನಗುತ್ತಿದ್ದರು, ಬೇಡವೆನ್ನಲಿಲ್ಲ.

ಅದೇ ನಂಬರ್ ಇನ್ನೊಂದು ಕಡೆಯೂ ಇತ್ತು, ಕಾರಿನ ಮೈಯಲ್ಲೇ ಕೊರೆದದ್ದು. ಅರಂತೋಡಿನ ತಿರುವಿನಲ್ಲಿ ಕಾರು ಮರಕ್ಕೆ ಗುದ್ದಿದಾಗ ಆ ಭಾಗ ಕಾಗದದಂತೆ ಮುದುಡಿಹೋಯಿತು. ಬೆಳ್ಳಾರೆಯ ಮೆಕ್ಯಾನಿಕ್ ಉಮ್ಮರಬ್ಬ ಎರಡು ತಿಂಗಳು ಕೂತು ಮುಂಭಾಗವನ್ನು ಹೊಸ ತಗಡಿನಿಂದ ಕಟ್ಟಿಕೊಟ್ಟರು. ಕೊರೆದ ನಂಬರ್ ಹೋಯಿತಲ್ಲ ಎಂದು ಅವರು ಪೇಚಾಡಿದಾಗ ಅಜ್ಜ, “ತಗಡಿನಲ್ಲಿ ಉಂಟಲ್ಲ ಮಾರಾಯ, ಸಾಕು” ಎಂದರು. ಹಾಗೆ ಆ ತಗಡೊಂದೇ ಸಾಕ್ಷಿಯಾಗಿ ಉಳಿಯಿತು. ಅದನ್ನು ನಾನು ವರ್ಷವರ್ಷವೂ ಸವೆಸುತ್ತ ಬಂದೆ.

ಅಜ್ಜ ಹೋದ ಮೇಲೆ ಕಾರು ನನ್ನ ಹೆಸರಿಗೆ ಬರಬೇಕಿತ್ತು. ನಿಮ್ಮ ಅಪ್ಪ ಅದನ್ನು ಪುತ್ತೂರಿನ ಸಾರಿಗೆ ಕಚೇರಿಗೆ ಒಯ್ದಾಗ ಸಹಿ ಹಾಕಲು ನಾನೂ ಹೋದೆ, ರಿಪೇರಿಯ ವಿವರ ಹೇಳಲು ಉಮ್ಮರಬ್ಬರೂ ಬಂದರು. ತಪಾಸಣೆಗೆ ಬಂದ ಅಧಿಕಾರಿ ತಗಡಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರು. ಮೊದಲ ಅಂಕೆಗಳು ಕಾಗದದಲ್ಲಿ ಬೆಳ್ಳಗೆ ಮೂಡಿದವು. ಕೊನೆಯ ನಾಲ್ಕು ಮೂಡಲಿಲ್ಲ. ಇನ್ನೊಂದು ಕಾಗದ ಇಟ್ಟರು. ಅದರಲ್ಲೂ ಅಷ್ಟೇ.

“ಎಂಜಿನ್ ನಂಬರ್ ಸರಿ ಉಂಟು. ಆದ್ರೆ ಎಂಜಿನ್ ಯಾವ ಕಾರಿಗೂ ಕೂರಿಸ್ಬಹುದು,” ಎಂದರು ಅವರು. “ಇಲ್ಲಿ ಯಾರೋ ಬೇಕೂಂತ ಉಜ್ಜಿದ ಹಾಗೆ ಉಂಟಲ್ಲ. ಎದುರು ಭಾಗ ಬೇರೆ ವೆಲ್ಡಿಂಗ್.”

ನಿಮ್ಮ ಅಪ್ಪ ಉಮ್ಮರಬ್ಬರ ಕಡೆ ತಿರುಗಿದ. “ಎಂತ ಮಾಡಿದ್ದು ನೀವು? ಕದ್ದ ಕಾರಿನ ಮುಂಭಾಗ ತಂದು ಹಾಕಿ ನಂಬರ್ ಅಳಿಸಿದ್ದಾ? ಅಪ್ಪ ನಿಮ್ಮನ್ನು ಎಷ್ಟು ನಂಬಿದ್ರು!”

ನಾನು ಹಿಂದಿನ ಸೀಟಿನಲ್ಲಿ ಸೆರಗು ಹಿಡಿದು ಕೂತಿದ್ದೆ. ಬಾಗಿಲು ತೆರೆದೇ ಇತ್ತು. ಒಂದು ಮಾತು ಸಾಕಿತ್ತು. ಸುತ್ತ ಏಳೆಂಟು ಜನ ನಿಂತು ನೋಡುತ್ತಿದ್ದರು. ನನ್ನ ನಾಲಿಗೆ ಏಳಲಿಲ್ಲ. ಉಮ್ಮರಬ್ಬರು ಬಗ್ಗಿ ತಗಡಿನ ಮೇಲೆ ಹೆಬ್ಬೆರಳಾಡಿಸಿದರು, ಒಮ್ಮೆ ನನ್ನತ್ತ ನೋಡಿದರು. “ನಾನು ಅಳಿಸ್ಲಿಲ್ಲ” ಎಂದಷ್ಟೇ ಹೇಳಿ ಬಸ್ಸು ಹಿಡಿಯಲು ನಡೆದರು.

ಅದು ಅಜ್ಜನ ಕಾರೇ ಎಂದು ನಾನು ಕಣ್ಣು ಮುಚ್ಚಿಯೂ ಹೇಳಬಲ್ಲೆ: ಏರು ಹತ್ತುವಾಗಿನ ಅದರ ಉಸಿರು, ಎಡಬಾಗಿಲಿನ ಗೊಣಗು ನನಗೆ ಅಷ್ಟು ಪರಿಚಿತ. ಆದರೆ ನೆನಪಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಲಾಗುವುದಿಲ್ಲ. ಮನುಷ್ಯನ ವಿಷಯದಲ್ಲಿ ನಾವು ಅಷ್ಟು ಪರೀಕ್ಷೆಯನ್ನೂ ಮಾಡುವುದಿಲ್ಲ. ಒಂದು ಸಿಟ್ಟಿನ ಮಾತಿಗೇ ಅವನ ಇಡೀ ಬಾಳಿನ ಗುರುತು ಅಳಿಸಿಬಿಡುತ್ತೇವೆ. ನಿಮ್ಮ ಅಪ್ಪ ಬೆಳ್ಳಾರೆಯ ಅಂಗಡಿಗಳಲ್ಲಿ ಆ ಕದ್ದ ಕಾರಿನ ಮಾತನ್ನೇ ಹೇಳಿದ. ಮಾತು ಕಡಬದವರೆಗೂ ಹೋಯಿತು. ಉಮ್ಮರಬ್ಬರ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದ ವಾಹನಗಳು ಒಂದೊಂದಾಗಿ ಬೇರೆ ಕಡೆ ನಿಲ್ಲತೊಡಗಿದವು.

ಮೂರು ತಿಂಗಳು ಕಳೆದು, ಅವರು ಒಬ್ಬರೇ ಇದ್ದ ಹೊತ್ತು ನೋಡಿ ನಾನು ಗ್ಯಾರೇಜಿಗೆ ಹೋದೆ. ಹುಳಿಯ ಕಥೆಯನ್ನು ತಡವರಿಸುತ್ತ ಹೇಳಿದೆ.

“ನನಗೆ ಆವತ್ತೇ ಗೊತ್ತಾಗಿದೆ ಅಕ್ಕ,” ಎಂದರು. “ಅರದಲ್ಲಿ ಉಜ್ಜಿದ್ರೆ ಗೀರು ಬೀಳ್ತದೆ. ಅದು ಕನ್ನಡಿ ಹಾಗೆ ಉಂಟು. ಈ ಊರಲ್ಲಿ ಕಾರಿನ ಹೊಟ್ಟೆಯನ್ನು ಕೂಡ ಪಾತ್ರೆ ಹಾಗೆ ತೊಳೆಯುವವರು ನೀವೊಬ್ರೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಅಷ್ಟು ಜನರ ಎದುರು ನಿಮ್ಮನ್ನು ನಿಲ್ಲಿಸುದಾ? ನಲವತ್ತು ವರ್ಷದಲ್ಲಿ ನೀವು ನನ್ನ ಹತ್ರ ಹತ್ತು ಮಾತು ಆಡ್ಲಿಲ್ಲ. ನೀವೇ ಹೇಳ್ತೀರೇನೋ ಅಂತ ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕಾದೆ. ಎರಡು ಬಸ್ಸು ಬಿಟ್ಟೆ.”

ಅವರು ನಗುತ್ತಲೇ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೆಸರು ಬದಲಾಯಿಸಲು ಕಚೇರಿಯವರು ಒಪ್ಪಲಿಲ್ಲ; ಕಾರನ್ನು ನಿಮ್ಮ ಅಪ್ಪ ಗುಜರಿಗೆ ಕೊಡುತ್ತಾನಂತೆ, ಕೊಡಲಿ. ಅದರಲ್ಲಿ ಸುತ್ತಾಡುವ ನಿಮ್ಮ ಆಸೆ ನನ್ನಿಂದಾಗಿ ಕೆಟ್ಟಿತು, ಕ್ಷಮಿಸಿ. ಆದರೆ ಉಮ್ಮರಬ್ಬರ ಗ್ಯಾರೇಜು ಇನ್ನೂ ತೆರೆದಿದೆ. ಮಗನ ಮುಖ ನೋಡಿ ಹೇಳುವ ಧೈರ್ಯ ಇಂದಿಗೂ ನನಗೆ ಬಂದಿಲ್ಲ. ಆದ್ದರಿಂದ ಇದನ್ನು ನೀವು ಓದಿ ಮಡಚಿಡಬೇಡಿ. ನಿಮ್ಮ ಅಪ್ಪ ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿ. ನಾನು ಒಳಗೆ ಅಡುಗೆಮನೆಯಲ್ಲಿ ಇರುತ್ತೇನೆ. ಅವನು ಕರೆದರೆ ಈ ಸಲ ಹೊರಗೆ ಬರುತ್ತೇನೆ.