ಜಾರಿದ ಚಿಲಕ

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ, ಮಾಲೂರಿನ ಆಚೆಯ ನಮ್ಮ ಟೊಮೆಟೊ ತೋಟದ ಅಂಚಿನಲ್ಲಿ ಒಂಟಿ ಆನೆ ಕಾಣಿಸಿತು. ಪ್ರಾಣಿಶಾಸ್ತ್ರ ಓದಿದ ನಾನು ಅದರ ಕೆನ್ನೆಯ ಮೇಲೆ ಇಳಿಯುತ್ತಿದ್ದ ಕಪ್ಪು ದ್ರವವನ್ನು ಗುರುತಿಸಿ, ಓಡುವುದು ಬಿಟ್ಟು ಜೊತೆಗಿದ್ದ ಮಾವನಿಗೆ ಪಾಠ ಶುರುಮಾಡಿದೆ.

“ಮಾವ, ಅದು ಬೆವರಲ್ಲ. ಆನೆ ನಮ್ಮ ಥರ ಮೈತುಂಬ ಬೆವರಲ್ಲ. ಕಣ್ಣಿನ ಹಿಂದಿರೋ ಗ್ರಂಥಿಯಿಂದ ಬರೋ ಮದ ಅದು.”

“ಮದ ಬಂದಿರೋದು ನಿಂಗೆ ಕಣೋ. ನಡಿ ಮೊದ್ಲು.”

ಮಾವನಿಗೆ ಮಂಡಿನೋವು, ದೂರ ಓಡಲಾಗದು. ಪಕ್ಕದ ಪಂಪ್‌ಹೌಸಿಗೆ ನುಗ್ಗಿದೆವು. ಆನೆ ಹಿಂದೆಯೇ ಬಂತು. ಚಿಲಕ ಹಾಕಲು ಹೋದರೆ ನನ್ನ ಅಂಗೈ ಬೆವರಿಗೆ ಅದು ಜಾರುತ್ತಲೇ ಇತ್ತು. ಅಂಗೈಯ ಗ್ರಂಥಿಗಳು ಸೆಕೆಗಿಂತ ಭಯಕ್ಕೇ ಬೇಗ ಬೆವರುತ್ತವೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನೂ ನಾನೇ. ಕೊನೆಗೆ ಮಾವ ಹೆಗಲ ಟವೆಲನ್ನು ಚಿಲಕಕ್ಕೆ ಸುತ್ತಿ ಎಳೆದರು. ಆನೆ ಗೋಡೆಗೆ ಮೈ ಉಜ್ಜಿಕೊಂಡು ಹೊರಟುಹೋಯಿತು.

ಆಮೇಲೆ ದಿನವೂ ನಿದ್ದೆಯಲ್ಲಿ ಆ ಚಿಲಕ ಜಾರುತ್ತಿತ್ತು. ಎಚ್ಚರವಾದರೆ ಅಂಗೈ ಒದ್ದೆ. ಒಂದು ಭಾನುವಾರ ಮಾವ ಪಂಪ್‌ಹೌಸಿನ ಚಿಲಕ ಕಿತ್ತು, ಬಾಗಿಲಿಗೆ ಅಡ್ಡ ಹಾಕಲು ದಪ್ಪ ಮರದ ತುಂಡೊಂದನ್ನು ಕೂರಿಸಿದರು.

“ಇದನ್ನ ಒದ್ದೆ ಕೈಲೂ ಹಾಕ್ಬೋದು, ಮೇಷ್ಟ್ರೇ” ಎಂದರು.

ಅವರು ನಗುತ್ತಿದ್ದರೂ ಬಿಡದೆ, ಮತ್ತೆ ಮತ್ತೆ ಹಾಕಿ ತೆಗೆದು ನೋಡಿದೆ. ಅಂದು ರಾತ್ರಿ ಬೆಳಗಾಗುವವರೆಗೂ ಎಚ್ಚರವಾಗದೆ ಮಲಗಿದ್ದೆ.