ಅಕ್ಕ ಒದರಲಿಲ್ಲ

ನಮ್ಮಕ್ಕನಿಗೆ ಯಾವುದನ್ನೂ ಕಡಿಮೆ ಮಾಡಿ ಹೇಳಲು ಬರುತ್ತಿರಲಿಲ್ಲ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚು ಬಿದ್ದರೆ, ‘ಉಪ್ಪಂದ್ರ ಉಪ್ಪು, ನಾಲಿಗಿ ಸುಟ್ಟು ಹೋತು’ ಅನ್ನುತ್ತಿದ್ದಳು. ಬಿಸಿಲಿಗೆ ಹೋಗಿ ಬಂದರೆ ಆಕೆಯ ತಲೆ ಎರಡು ಹೋಳಾಗಿರುತ್ತಿತ್ತು. ಕಾಲಿಗೆ ಮುಳ್ಳು ಚುಚ್ಚಿದರಂತೂ ‘ಯವ್ವಾ, ಸತ್ತೆ!’ ಎಂಬ ಕೂಗು ಬೆಟಗೇರಿಯ ನಮ್ಮ ಓಣಿಯ ಆ ತುದಿಗೆ ಮುಟ್ಟುತ್ತಿತ್ತು. ಓಣಿಯ ಹೆಂಗಸರು ಕೈಯಲ್ಲಿನ ಕೆಲಸ ಬಿಡದೆ, ‘ಇವತ್ತೇನ ಚುಚ್ಚೇತಿ ಆಕಿಗೆ?’ ಎಂದು ನಗುತ್ತಿದ್ದರು.

ನಮ್ಮ ಕಡೆ ಹೆಚ್ಚಿನದನ್ನು ಹೇಳಲು ಮಾತಿಗೆ ಬಡತನವಿಲ್ಲ. ಭಾಳ ಇದೆ, ರಗಡ ಇದೆ, ಅಗದಿ ಇದೆ. ಉಳಿದವರು ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಅಕ್ಕ ಮೂರನ್ನೂ ಒಟ್ಟಿಗೇ ಬಳಸುತ್ತಿದ್ದಳು. ಜಾಮೂನು ಅವಳಿಗೆ ‘ಅಗದಿ ಭಾಳ ಚಲೋ’, ತಿಂದದ್ದು ‘ರಗಡಂದ್ರ ರಗಡ’. ಅವಳ ಪಕ್ಕದಲ್ಲಿ ಕೂತು ಉಂಡರೆ ಜೋಳದ ರೊಟ್ಟಿಯೂ ಹಬ್ಬದಡುಗೆ ಅನ್ನಿಸುತ್ತಿತ್ತು. ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವಳಾದ ನನಗೆ ಆ ಬಾಯಿಯೆಂದರೆ ಪ್ರೀತಿ.

ಅವ್ವನಿಗೆ ಮಾತ್ರ ಅದು ಹೆದರಿಕೆ. ಅವ್ವನ ಬಾಯಲ್ಲಿ ಬಂಗಾರದ ಸರವಾದರೂ ‘ಅಡ್ಡಿ ಇಲ್ಲ’, ಅಷ್ಟೇ. ಮೂರು ದಿನದ ಜ್ವರವಾದರೂ ‘ಸ್ವಲ್ಪ ಮೈ ಬೆಚ್ಚಗೈತಿ’. ಒಳ್ಳೆಯದನ್ನು ಹೆಚ್ಚು ಮಾಡಿ ಹೇಳಿದರೆ ದೃಷ್ಟಿ ತಾಗುತ್ತದೆ, ಕೆಟ್ಟದ್ದನ್ನು ಹೆಚ್ಚು ಮಾಡಿ ಹೇಳಿದರೆ ಅದೇ ನಿಜವಾಗುತ್ತದೆ ಎಂಬುದು ಅವಳ ನಂಬಿಕೆ.

‘ಲೇ, ಜಂತಿ ಮ್ಯಾಲ ಅಸ್ತು ದೇವತಿ ಕುಂತಿರತಾಳ,’ ಎಂದು ಅಕ್ಕನನ್ನು ಗದರುತ್ತಿದ್ದಳು. ‘ನೀ ಸತ್ತೆ ಅಂದ್ರ ಆಕಿ ಅಸ್ತು ಅಂತಾಳ. ಕಡ್ಡಿ ಹೋಗಿ ಗುಡ್ಡ ಮಾಡಬ್ಯಾಡ.’

‘ಹಂಗಾರ ಇಷ್ಟೊತ್ತಿಗೆ ನಾ ನೂರ ಸಲ ಸಾಯಬೇಕಿತ್ತಲ್ಲವ್ವಾ!’ ಎಂದು ಅಕ್ಕ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಹಿರೇವಡ್ಡಟ್ಟಿಯ ಒಕ್ಕಲುತನದ ಮನೆಗೆ ಅವಳನ್ನು ಕೊಟ್ಟರು. ಹೊಲ, ಎತ್ತು, ತುಂಬಿದ ಮನೆ. ಕಳಿಸುವ ದಿನ ಅವ್ವ ಉಡಿ ತುಂಬಿ, ಗಲ್ಲ ಹಿಡಿದು ಹೇಳಿದಳು: ‘ಅಲ್ಲಿ ಹೋಗಿ ಒದರಬ್ಯಾಡವ್ವಾ. ಮಂದಿ ಮನಿ. ಯಾರ ಏನ ಕೇಳಿದ್ರೂ ಅಡ್ಡಿ ಇಲ್ಲ ಅನ್ನು. ತವರಮನಿ ಹೆಸರ ಉಳಸು.’ ಅಕ್ಕ ತಲೆ ಅಲ್ಲಾಡಿಸಿದಳು. ಅವಳು ಕೇಳುವವಳಲ್ಲ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ನಾಗರಪಂಚಮಿಗೆ ಬಂದಾಗ ನೋಡಿದರೆ ಬೇರೆ ಅಕ್ಕ. ರೊಟ್ಟಿಯ ಹಂಚು ತಾಗಿ ಮೊಳಕೈ ಕೆಳಗೆ ಬೊಬ್ಬೆ ಎದ್ದು ಒಡೆದಿತ್ತು. ನಾನು ಹೌಹಾರಿ ಕೇಳಿದರೆ, ‘ಸ್ವಲ್ಪ ತಾಗೇತಿ’ ಎಂದಳು. ಹಬ್ಬದ ಶೇಂಗಾ ಉಂಡಿ ಹೇಗಿವೆ ಎಂದರೆ ‘ಅಡ್ಡಿ ಇಲ್ಲ’. ಅವಳನ್ನು ಕರೆತಂದಿದ್ದ ಬೀಗರು ಪಡಸಾಲೆಯಲ್ಲಿ ಕೂತು, ‘ನಿಮ್ಮ ಮಗಳ ದನಿ ಹಿತ್ತಲಕ್ಕ ಸೈತ ಕೇಳೂದಿಲ್ಲ ನೋಡ್ರಿ, ಅಷ್ಟ ಚಲೋ’ ಎಂದು ಹೊಗಳಿದರು. ಅವ್ವನ ಮುಖ ಅರಳಿತು. ನನಗೆ ಮೈ ಉರಿಯಿತು. ಇವರ ಹಿತ್ತಲಕ್ಕೆ ಕೇಳಿಸದಿರಲಿ ಎಂದೇ ನನ್ನಕ್ಕ ಹುಟ್ಟಿದ್ದಳೇನು?

ಮರುವರ್ಷ ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ಅವಳನ್ನು ತವರಿಗೆ ಕರೆತಂದರು. ಅದು ಏಕೀಕರಣದ ವರ್ಷ. ನಮ್ಮ ಕಟ್ಟೆಯ ಮೇಲೆ ಸಂಜೆ ಹೊತ್ತು ಅಪ್ಪ ಮತ್ತು ಅವನ ಗೆಳೆಯರ ಬಾಯಿಗೆ ತಡೆಯೇ ಇರಲಿಲ್ಲ. ಹಿಂದೆ ಲಕ್ಷ್ಮೇಶ್ವರ, ಶಿರಹಟ್ಟಿಗೆ ಹೋದರೆ ಬೇರೆ ರಾಜರ ಸೀಮೆಗೆ ಕಾಲಿಟ್ಟ ಹಾಗಿರುತ್ತಿತ್ತಂತೆ. ಇನ್ನು ಮುಂದೆ ಎಲ್ಲ ಒಂದೇ. ‘ಇನ್ನ ನಮ್ಮ ಮಾತಿನ ಮುಂದ ಯಾರದೂ ನಡಿಯೂದಿಲ್ಲ!’ ಎಂದು ಅಪ್ಪ ತೊಡೆ ತಟ್ಟುತ್ತಿದ್ದ. ಆ ತೊಡೆ ತಟ್ಟುವಿಕೆ ಹಿತ್ತಲೇನು, ಮುಂದಿನ ಓಣಿಗೂ ಕೇಳುತ್ತಿತ್ತು. ಗಂಡಸರ ಮಾತಿಗೆ ಅಸ್ತು ದೇವತೆ ಕಿವಿಗೊಡುವುದಿಲ್ಲವೆಂದು ಕಾಣುತ್ತದೆ. ಅಕ್ಕ ಒಳಗಿನ ಕಂಬಕ್ಕೆ ಒರಗಿ ಸುಮ್ಮನೆ ಕೇಳುತ್ತಿದ್ದಳು.

ರಾಜ್ಯ ಒಂದಾಗಿ ಕೆಲವು ದಿನ ಕಳೆದಿತ್ತು. ಬಾಗಿಲಿಗೆ ಕಟ್ಟಿದ ತೋರಣ ಇನ್ನೂ ಬಿಚ್ಚಿರಲಿಲ್ಲ. ಬೆಳಿಗ್ಗೆ ಅಕ್ಕ ಗೋಡೆ ಹಿಡಿದು ನಿಂತದ್ದನ್ನು ನೋಡಿ ಅವ್ವ ಕೇಳಿದಳು: ‘ಬ್ಯಾನಿ ಎದ್ದಾವೇನ?’

‘ಸ್ವಲ್ಪ’ ಎಂದಳು ಅಕ್ಕ.

ಸೂಲಗಿತ್ತಿ ಅಜ್ಜಿಯನ್ನು ಕರೆಸಿದರು. ಅಕ್ಕನನ್ನು ಈ ಲೋಕಕ್ಕೆ ತಂದವಳೂ ಅವಳೇ. ಅಕ್ಕನ ಮುಖ ನೋಡಿ, ಹೊಟ್ಟೆ ಮುಟ್ಟಿ, ನಗುತ್ತ ಕೂತಳು. ‘ಮುಳ್ಳ ಚುಚ್ಚಿದ್ರ ಓಣಿ ಎಬ್ಬಸಾಕಿ ಈಕಿ. ಇನ್ನೂ ಯವ್ವಾ ಅಂದಿಲ್ಲ, ಅಪ್ಪಾ ಅಂದಿಲ್ಲ. ರಗಡ ಹೊತ್ತೈತಿ ತೊಗೊ. ಒದರಾಕ ಹತ್ತಲಿ, ಆಮ್ಯಾಲ ನೋಡೂಣು.’ ಅವ್ವನಿಗೂ ಅದು ಸರಿ ಅನ್ನಿಸಿತು. ಗಾಡಿ ಹೂಡಿಸಿ ದವಾಖಾನೆಗೆ ಒಯ್ಯೋಣವೇ ಎಂದು ಅಪ್ಪ ಕೇಳಿದ್ದಕ್ಕೆ, ‘ಅಷ್ಟೇನ ಆಗಿಲ್ಲ, ನೀವ ಅಂಗಡಿಗೆ ಹೋಗ್ರಿ’ ಎಂದು ಕಳಿಸಿದಳು. ಅಜ್ಜಿ ಚಹಾ ಕುಡಿದು ಎಲೆ ಅಡಿಕೆ ಹಾಕಿಕೊಂಡಳು. ಮನೆಯೆಲ್ಲ ಅಕ್ಕನ ಹಳೆಯ ಕೂಗಿಗೆ ಕಿವಿಗೊಟ್ಟು ಕಾಯತೊಡಗಿತು.

ನಾನು ಅಕ್ಕನ ಪಕ್ಕದಲ್ಲಿ ಕೂತಿದ್ದೆ. ನನ್ನ ಕೈ ಹಿಡಿದಿದ್ದಳು. ಹಣೆಯಿಂದ ಬೆವರು ಕಿವಿಯೊಳಗೆ ಇಳಿಯುತ್ತಿತ್ತು. ಕೇಳಿದಾಗಲೆಲ್ಲ ‘ಅಡ್ಡಿ ಇಲ್ಲ’. ಮಧ್ಯಾಹ್ನದ ಹೊತ್ತಿಗೆ ಅವಳ ಉಗುರು ನನ್ನ ಅಂಗೈಯೊಳಗೆ ಇಳಿದಿತ್ತು. ಬಿಡಿಸಿಕೊಂಡು ಹೋಗಿ ಅವ್ವನ ಮುಂದೆ ಅಂಗೈ ಹಿಡಿದೆ. ಅದರ ಮೇಲಿನ ರಕ್ತ ನೋಡಿದ್ದೇ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಹೊದಿಕೆ ಎತ್ತಿದರೆ ಕೆಳಗೆ ಹಾಸಿದ ಕೌದಿಯೆಲ್ಲ ರಕ್ತದಲ್ಲಿ ನೆನೆದುಹೋಗಿತ್ತು.

‘ಯಾಕ ಹೇಳಲಿಲ್ಲ ನನ್ನವ್ವಾ? ಯಾಕ ಒದರಲಿಲ್ಲ?’

‘ಹೇಳಿದ್ನಲ್ಲವ್ವಾ,’ ಎಂದಳು ಅಕ್ಕ. ದನಿ ಮೆತ್ತಗಿತ್ತು. ‘ಬೆಳಗಿನಿಂದ ಹೇಳಾಕತ್ತೀನಿ.’

ಅಜ್ಜಿ ಎಲೆ ಅಡಿಕೆ ಉಗಿದು ಬಂದಳು. ಕೂಸು ಹುಟ್ಟಿತು, ಹೆಣ್ಣು. ರಕ್ತ ಮಾತ್ರ ನಿಲ್ಲಲಿಲ್ಲ. ಸುದ್ದಿ ಮುಟ್ಟಿ ಅಂಗಡಿಯಿಂದ ಬಂದ ಅಪ್ಪ ಓಡಿ ಟಾಂಗಾ ತಂದ. ಅದು ದವಾಖಾನೆಯ ಬಾಗಿಲು ಮುಟ್ಟುವಷ್ಟರಲ್ಲಿ ಅಕ್ಕ ಇರಲಿಲ್ಲ.

ಚೊಚ್ಚಲಲ್ಲಿ ಹೆಣ್ಣುಮಕ್ಕಳು ಹೋಗುವುದು ಹೊಸದಲ್ಲ, ಹಣೆಬರಹ ಎಂದು ಬಂದವರೆಲ್ಲ ಅಂದರು. ಇರಬಹುದು. ಬೆಳಿಗ್ಗೆಯೇ ಒಯ್ದಿದ್ದರೆ ಉಳಿಯುತ್ತಿದ್ದಳೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ನಮ್ಮ ಮನೆ ಮಾಡಿದ ತಪ್ಪು ನನಗೆ ಗೊತ್ತು. ಅವಳ ದನಿಯನ್ನು ಕಿತ್ತುಕೊಂಡವರೇ ಅವಳು ಕೂಗಲಿ ಎಂದು ಕಾದೆವು. ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಅವ್ವನ ಮೇಲೆ ಅದನ್ನು ತೀರಿಸಿಕೊಳ್ಳಲು ಮಾತ್ರ ಆಗಲಿಲ್ಲ. ಅಕ್ಕ ಹೋದ ಮೇಲೆ ಅವಳನ್ನು ನೋಡಿದವರಿಗೆ ಯಾರಿಗೂ ಆಗುತ್ತಿರಲಿಲ್ಲ.

ಕೂಸು ನಮ್ಮಲ್ಲೇ ಬೆಳೆಯಿತು. ಅದು ಅತ್ತರೆ ಯಾರೂ ಸುಮ್ಮನಾಗಿಸುವಂತಿರಲಿಲ್ಲ. ‘ಅಳಲಿ ಬಿಡ್ರಿ’ ಎಂದು ಅವ್ವ ಹರಿಹಾಯುತ್ತಿದ್ದಳು. ಅದಕ್ಕೆ ಮೂರು ತುಂಬಿ ನಾಲ್ಕು ನಡೆಯುವಾಗ ಒಂದು ದಿನ ಹೊಸ್ತಿಲು ಎಡವಿ ಬಿದ್ದು ಮೊಳಕಾಲು ಕೆತ್ತಿಕೊಂಡಿತು. ಅಳಲು ಬಾಯಿ ತೆರೆದದ್ದು, ಪಡಸಾಲೆಯಲ್ಲಿ ಹೊರಗಿನವರು ಕೂತದ್ದನ್ನು ಕಂಡು ತುಟಿ ಕಚ್ಚಿಕೊಂಡಿತು. ಯಾರು ಕಲಿಸಿದ್ದರೋ ದೇವರೇ ಬಲ್ಲ. ‘ಏನೂ ಆಗಿಲ್ಲ ಆಯಿ’ ಎಂದು ಅವ್ವನಿಗೆ ಹೇಳಿತು.

ಅವ್ವ ಬಂದವರ ಎದುರಿಗೇ ನೆಲಕ್ಕೆ ಕುಸಿದು ಕೂತಳು. ಕೂಸಿನ ಎರಡೂ ರಟ್ಟೆ ಹಿಡಿದು, ‘ಒದರ, ನನ್ನ ಬಂಗಾರ, ಒದರ,’ ಎಂದು ಅಲ್ಲಾಡಿಸಿದಳು. ‘ಓಣಿ ಮಂದಿಗೆಲ್ಲ ಕೇಳಲಿ. ನನಗ ಕೇಳೂಹಂಗ ಒದರ.’ ಕೂಸು ಹೆದರಿ ಮತ್ತಷ್ಟು ಸುಮ್ಮನಾಯಿತು. ಆಗ ಅವ್ವ ತಾನೇ ಬಾಯಿ ತೆರೆದಳು. ಮಗಳು ಸತ್ತ ದಿನವೂ ಸೆರಗು ಬಾಯಿಗೆ ಒತ್ತಿಕೊಂಡೇ ಇದ್ದವಳು ಆ ದಿನ ಹಾಡುಹಗಲೇ ಒದರಿದ್ದು ಕೇಳಿ, ಓಣಿಯ ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ನಮ್ಮ ಮನೆಗೆ ಓಡಿ ಬಂದರು.